ಪೆನ್ಕಾ ಒಪ್ಪಿದ ಆಡ್-ಆನ್

ಲ್ಯುಬೆನ್‌ನ ಕಣ್ಣು ಮಂಜಾಗುತ್ತಾ ಬಂದಿತ್ತು. ಎದುರಿಗೆ ಬಂದವರ ಗುರುತು ಸಿಗುತ್ತಿತ್ತು. ಜೇನುಪೆಟ್ಟಿಗೆ ಕೆಲಸವೂ ಕೈಯಂದಾಜಿನಲ್ಲೇ ಸಾಗುತ್ತಿತ್ತು. ಕಂಪ್ಯೂಟರಿನ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ಬಲ್ಗೇರಿಯಾದ ಆ ಬಯಲುಸೀಮೆ ಊರಿನ ಸುತ್ತ ಎಲ್ಲೆಲ್ಲೂ ಸೂರ್ಯಕಾಂತಿ. ಬೆಳೆಗೆ ಔಷಧಿ ಹೊಡೆಯುವ ಮುಂಚೆ ಹೊಲದವರು ಜೇನು ಸಾಕುವವರ ಸಂಘಕ್ಕೆ ಇಮೇಲ್ ಕಳಿಸುತ್ತಿದ್ದರು. ಸಂಘದ ಕಾರ್ಯದರ್ಶಿ ಲ್ಯುಬೆನ್ ಅದನ್ನು ಓದಿ ಎಲ್ಲರಿಗೂ ಫೋನ್ ಮಾಡಬೇಕು. ಆಗ ಎಲ್ಲರೂ ಪೆಟ್ಟಿಗೆ ಬಾಯಿ ಮುಚ್ಚಿ ಹುಳುಗಳನ್ನು ಒಳಗೇ ಇರಿಸಿಕೊಳ್ಳುತ್ತಿದ್ದರು.

ಆ ವಸಂತದಲ್ಲಿ ಅಂಥದೊಂದು ಇಮೇಲ್ ಜಾಹೀರಾತುಗಳ ರಾಶಿಯಲ್ಲಿ ಅವನ ಕಣ್ತಪ್ಪಿತು. ಸಂಘದ ಸದಸ್ಯ ಕಾಮೆನ್‌ನ ಹೊಲದ ಪಕ್ಕದಲ್ಲೇ ಔಷಧಿ ಬಿತ್ತು. ಅವನ ಜೇನುಹುಳುಗಳೆಲ್ಲ ಪೆಟ್ಟಿಗೆಯ ಮುಂದೆ ಸತ್ತು ಬಿದ್ದವು. ಕಾಮೆನ್ ಒಂದು ಮಾತೂ ಬೈಯಲಿಲ್ಲ, ಪೊರಕೆ ತಂದು ಸುಮ್ಮನೆ ಗುಡಿಸಿದ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಲ್ಯುಬೆನ್‌ಗೆ.

ಮಾರನೆಯ ದಿನವೇ ಅವನು ಊರಿನ ಗ್ರಂಥಾಲಯಕ್ಕೆ ಹೋದ. ಸಂಘದ ಸಭೆ ನಡೆಯುತ್ತಿದ್ದುದು ಅಲ್ಲೇ.

"ರಾಲಿತ್ಸಾ, ಇನ್ನು ನನ್ನ ಕೈಲಾಗಲ್ಲಮ್ಮ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದ.

ಗ್ರಂಥಪಾಲಕಿ ರಾಲಿತ್ಸಾ ಅವನ ಮುಖ ನೋಡಿದಳು. "ಮಾಮ, ಬಿಡೋದು ಯಾವಾಗ ಬೇಕಾದ್ರೂ ಬಿಡಬಹುದು. ಮೊದಲು ನಿಮ್ಮ ಕಂಪ್ಯೂಟರ್ ನೋಡ್ತೀನಿ, ಇರಿ."

ಅವಳು ಮನೆಗೆ ಬಂದಾಗ ಲ್ಯುಬೆನ್‌ನ ಹೆಂಡತಿ ಪೆನ್ಕಾ ಚೀಸ್ ತುಂಬಿದ ಬಿಸಿ ಬನಿತ್ಸಾ ರೊಟ್ಟಿ ಕೊಯ್ದು ತಟ್ಟೆಗೆ ಹಾಕಿದಳು. ರಾಲಿತ್ಸಾಳ ಬಾಯಿಂದ ಆಡ್-ಆನ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಚಾಕು ಕೆಳಗಿಟ್ಟಳು.

"ಅದರ ಹೆಸರೆತ್ತಬೇಡ! ಕಸೂತಿ ನಮೂನೆ ಬಿಟ್ಟಿ ಕೊಡ್ತೀವಿ ಅಂತ ಒಂದು ಹಾಕ್ಕೊಂಡಿದ್ದೆ. ಯಾವ ಪುಟ ತೆಗೆದರೂ ಜೂಜಾಟದ ಜಾಹೀರಾತು. ಪಾದ್ರಿಗಳು ಮನೆಗೆ ಬಂದಾಗಲೇ ಡಣಡಣ ಅಂತ ಶುರುವಾಯ್ತು, ನನ್ನ ಮಾನ ಹೋಯ್ತು."

"ಅತ್ತೆ, ಅದು ಇನ್ನೂ ಇಲ್ಲೇ ಇದೆ" ಅಂದಳು ರಾಲಿತ್ಸಾ ಪರದೆ ನೋಡುತ್ತಾ. "ಆಡ್-ಆನ್ ಅಂದ್ರೆ ಬ್ರೌಸರಿಗೆ ನಾವೇ ಸೇರಿಸ್ಕೊಳ್ಳೋ ಚಿಕ್ಕ ಸಲಕರಣೆ. ಒಳ್ಳೇದೂ ಇರುತ್ತೆ, ಕೆಟ್ಟದ್ದೂ ಇರುತ್ತೆ. ಬೇಡದ್ದನ್ನ ತೆಗೆಯೋಕೂ ಬರುತ್ತೆ. ಬನ್ನಿ, ನೀವೇ ಒತ್ತಿ."

ಪೆನ್ಕಾ ಅನುಮಾನದಿಂದಲೇ ಬಂದು 'ತೆಗೆದುಹಾಕು' ಅಂತ ಇದ್ದದ್ದನ್ನು ಒತ್ತಿದಳು. ಜೂಜಾಟ ಮಾಯವಾಯಿತು.

"ಇಷ್ಟೇನಾ? ವರ್ಷವಿಡೀ ಇದನ್ನ ಬೈಕೊಂಡು ಕೂತಿದ್ನಲ್ಲೇ!"

ಅಕ್ಷರ ದೊಡ್ಡದು ಮಾಡುವುದಕ್ಕೆ ಆಡ್-ಆನ್ ಬೇಕಿರಲಿಲ್ಲ. ಅದು ಬ್ರೌಸರಿನ ಸೆಟ್ಟಿಂಗಿನಲ್ಲೇ ಇತ್ತು. ರಾಲಿತ್ಸಾ ಅದನ್ನು ಮೊದಲು ಮಾಡಿಕೊಟ್ಟಳು. ಆದರೆ ಉದ್ದದ ಬರಹ ಲ್ಯುಬೆನ್‌ಗೆ ಆಗಲೂ ಕಷ್ಟವೇ. ಓದಿ ಹೇಳುವ ಆಡ್-ಆನ್ ಇದೆ ಅಂತ ಕೇಳಿದ್ದೇ ತಡ, ಅವನು ಆತುರಪಟ್ಟು ಹುಡುಕಿ, ಯಾವುದೋ ಜಾಹೀರಾತು ಪುಟದಲ್ಲಿ ಮೊದಲು ಕಂಡದ್ದನ್ನೇ ಒತ್ತಿಬಿಟ್ಟ. ಪರದೆಯ ಮೇಲೆ ಅನುಮತಿ ಕೇಳುವ ಒಂದು ಚೌಕ ಎದ್ದಿತು.

"ಏನಂತೆ ಅದಕ್ಕೆ?" ಅಂದಳು ಪೆನ್ಕಾ.

"ನಾವು ಈ ಮುಂಚೆ ನೋಡಿದ ಪುಟಗಳೆಲ್ಲ ಅದಕ್ಕೆ ಕಾಣಬೇಕಂತೆ. ಇಳಿಸಿಕೊಂಡ ಫೈಲುಗಳೂ ಬೇಕಂತೆ" ಅಂತ ಓದಿದಳು ರಾಲಿತ್ಸಾ.

"ಓದಿ ಹೇಳೋಕೆ ಬಂದೋರಿಗೆ ನಮ್ಮ ಮನೆ ಬೀರು ಯಾಕೆ ಬೇಕು? ಬೇಡ ಅನ್ರೀ!" ಪೆನ್ಕಾ ಗಂಡನ ಕೈ ಹಿಡಿದು ಎಳೆದಳು.

ರಾಲಿತ್ಸಾ ನಕ್ಕಳು. "ಸರಿಯಾಗಿ ಕೇಳಿದ್ರಿ ಅತ್ತೆ. ಪುಟ ಓದಿ ಹೇಳಬೇಕಾದ್ರೆ ಆ ಪುಟ ಅದಕ್ಕೆ ಕಾಣಲೇಬೇಕು, ಅದು ನ್ಯಾಯ. ಅದಕ್ಕಿಂತ ಹೆಚ್ಚು ಕೇಳಿದ್ರೆ ಬೇಡ ಅನ್ನೋದೇ ಸರಿ."

ಆಮೇಲೆ ಅವರು ಬ್ರೌಸರಿನದೇ ಆದ ಆಡ್-ಆನ್ ಅಂಗಡಿಗೆ ಹೋದರು. ಮಾಡಿದವರು ಯಾರು, ಬಳಸಿದವರು ಏನಂದಿದ್ದಾರೆ, ಈಚೆಗೆ ತಿದ್ದಿದ್ದಾರಾ ಅಂತ ರಾಲಿತ್ಸಾ ಓದುತ್ತಾ ಹೋದಳು. ಪೆನ್ಕಾ ಪಕ್ಕದಲ್ಲಿ ಕೂತು ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದಕ್ಕೂ ಪ್ರಶ್ನೆ ಹಾಕಿದಳು. ಕೊನೆಗೆ ಒಂದು ಅವಳಿಗೂ ಒಪ್ಪಿಗೆಯಾಯಿತು. ಜಾಹೀರಾತು ತಡೆಯುವುದೊಂದನ್ನೂ ಹಾಗೇ ಆರಿಸಿದರು. ಇಮೇಲ್ ಪ್ರೋಗ್ರಾಮಿಗೂ ಓದಿ ಹೇಳುವುದೊಂದನ್ನು ಸೇರಿಸಿದರು. ಹೊಲದವರಿಂದ ಬಂದ ಇಮೇಲ್ ಬೇರೆ ಕಡೆ ಹೋಗಿ ಕೂತು, ಗಂಟೆ ಬಾರಿಸುವ ಹಾಗೆ ಮಾಡುವ ಅನುಕೂಲ ಆ ಪ್ರೋಗ್ರಾಮಿನಲ್ಲೇ ಇತ್ತು, ಅದನ್ನೂ ಹೊಂದಿಸಿದರು.

ಬೇಸಿಗೆ ಬಂತು, ಸೂರ್ಯಕಾಂತಿ ಅರಳಿತು. ಒಂದು ಮಧ್ಯಾಹ್ನ ಲ್ಯುಬೆನ್ ತಣ್ಣನೆಯ ಸೌತೆಕಾಯಿ-ಮೊಸರಿನ ಸೂಪು ಕುಡಿಯುತ್ತಿದ್ದಾಗ ಗಂಟೆ ಬಾರಿಸಿತು. ಅವನು ಗುಂಡಿ ಒತ್ತಿದ. ರೇಡಿಯೋ ವಾರ್ತೆಯವಳ ಬಿಗುವಿನ ದನಿಯಲ್ಲಿ ಕಂಪ್ಯೂಟರು ಓದಿತು: "ನಾಳೆ ಸಂಜೆ ಹೊಳೆಯಾಚೆಯ ಹೊಲಗಳಿಗೆ ಔಷಧಿ ಹೊಡೆಯಲಾಗುವುದು."

ಅವನು ಚಮಚ ಬಿಟ್ಟು ಎದ್ದ. ಮೊದಲ ಫೋನ್ ಕಾಮೆನ್‌ಗೆ. ಬೇರೆಯವರು ಕೊಟ್ಟ ಒಂದು ಪುಟ್ಟ ಜೇನುಗೂಡಿನಿಂದ ಕಾಮೆನ್ ಮತ್ತೆ ಜೇನು ಸಾಕಲು ಶುರುಮಾಡಿದ್ದ.

"ಕಾಮೆನ್, ನಾಳೆ ಸಂಜೆ. ಹೊಳೆಯಾಚೆ. ಪೆಟ್ಟಿಗೆ ಬಾಯಿ ಮುಚ್ಚು."

"ಮುಚ್ತೀನಿ" ಅಂದ ಕಾಮೆನ್. ಆಮೇಲೆ, "ನೀನೇ ಓದಿದ್ಯಾ?" ಅಂದ.

"ಕೇಳಿಸ್ಕೊಂಡೆ" ಅಂದ ಲ್ಯುಬೆನ್.

ಔಷಧಿಯ ಗಾಳಿ ಅಡಗಿದ ಮೇಲೆ ಪೆಟ್ಟಿಗೆ ತೆರೆದರು. ಹುಳುಗಳು ಗುಂಯ್ ಅಂತ ಬಿಸಿಲಿಗೆ ಹೊರಟವು. ಕಾಮೆನ್ ಫೋನ್ ಮಾಡಿ ಆ ಸದ್ದನ್ನೇ ಲ್ಯುಬೆನ್‌ಗೆ ಕೇಳಿಸಿದ. ಮುಂದಿನ ಸಭೆಗೆ ಪೆನ್ಕಾಳೂ ಹೋದಳು. "ಮಷೀನಿಗೆ ಹೆದರಬೇಡಿ, ಕೇಳಿದ್ದಕ್ಕೆಲ್ಲ ಹೂಂ ಅನ್ನಲೂಬೇಡಿ" ಅಂತ ಅಲ್ಲಿದ್ದವರಿಗೆಲ್ಲ ಅವಳೇ ಹೇಳಿಕೊಟ್ಟಳು.

ಓದುಗರೇ, ನಿಮ್ಮ ಬ್ರೌಸರನ್ನೂ ಇಮೇಲನ್ನೂ ನಿಮಗೆ ಒಗ್ಗುವ ಹಾಗೆ ಮಾಡಿಕೊಳ್ಳಲು ನಿಮಗೆ ಹಕ್ಕಿದೆ. ಆಡ್-ಆನ್ ಬೇಕಾದರೆ ಬ್ರೌಸರಿನ ಸ್ವಂತ ಅಂಗಡಿಯಿಂದಲೇ ತನ್ನಿ. ಅದು ಏನು ಅನುಮತಿ ಕೇಳುತ್ತದೆ ಅಂತ ಓದಿ. ಯಾಕೆ ಅಂತ ತಿಳಿಯದಿದ್ದರೆ ಬೇಡ ಅನ್ನಿ. ಬಳಸದೆ ಬಿಟ್ಟಿರುವ ಆಡ್-ಆನನ್ನು ಇವತ್ತೇ ತೆಗೆದುಹಾಕಿ. ನಿಮ್ಮ ಮನೆಯಲ್ಲಿ "ಇನ್ನು ನನ್ನ ಕೈಲಾಗಲ್ಲ" ಅಂತ ಕಂಪ್ಯೂಟರ್ ಮುಚ್ಚಿಟ್ಟವರು ಯಾರಾದರೂ ಇದ್ದರೆ, ಅವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ಏನು ಕಷ್ಟ ಅಂತ ಕೇಳಿ.