ಎಲೆ ಹಸಿರಿದ್ದರೆ ಜೀವಂತ

ಹಿತ್ತಿಲ ಬಾಗಿಲ ಚಿಲಕ ಸರಿಯಿತು. ಸದ್ದಾಗಬಾರದೆಂದು ಬೆರಳು ಅಡ್ಡವಿಟ್ಟುಕೊಂಡೇ ಸರಿಸಿದ್ದರು. ಆದರೂ ಕೊನೆಗೊಂದು ‘ಟಿಕ್’ ಉಳಿದೇಬಿಟ್ಟಿತು. ಲೆಕ್ಕದಮ್ಮ ಕಣ್ಣುಬಿಟ್ಟಳು. ರಾತ್ರಿ ಎರಡು ಗಂಟೆ, ಅಳಿವೆಯಲ್ಲಿ ನೀರು ಪೂರ್ತಿ ಇಳಿದಿರುವ ಹೊತ್ತು. ಪಕ್ಕದ ಹಾಸಿಗೆಯಲ್ಲಿ ಚಿಕ್ಕಮ್ಮ ಇರಲಿಲ್ಲ. ಹೊರಗೆ ಏಳೆಂಟು ಹೆಂಗಸರ ಪಿಸುಮಾತು. ಯಾರೋ ನಕ್ಕರು, ಇನ್ಯಾರೋ ‘ಶ್’ ಎಂದರು. ಎದ್ದು ನೋಡಬೇಕೆಂದುಕೊಂಡಳು. ಏಳಲಿಲ್ಲ. ಎದ್ದರೆ ನಿಜವಾಗಿಯೂ ನೋಡಬೇಕಾಗುತ್ತಿತ್ತು.

ಉಪ್ಪುನೀರಿನ ಕೆಸರಿನಲ್ಲಿ ನೆಟ್ಟ ಕಾಂಡ್ಲಾ ಸಸಿಗಳನ್ನು ಆರು ತಿಂಗಳಿಗೊಮ್ಮೆ ಎಣಿಸುವುದು ಅವಳ ಕೆಲಸ. ಅದಕ್ಕೇ ಊರವರು ಆ ಹೆಸರಿಟ್ಟಿದ್ದರು. ಸಸಿಗಳು ಕಾಡಾಗಿ ಬೆಳೆದು ಗಾಳಿಯಿಂದ ಹೀರಿಕೊಳ್ಳುವ ಇಂಗಾಲವನ್ನು ಮುಂದೆ ಮಾರಬಹುದೆಂದು ದೂರದ ಹೂಡಿಕೆದಾರರು ಹಣ ಹಾಕಿದ್ದರು. ನೂರಕ್ಕೆ ಎಪ್ಪತ್ತು ಬದುಕಿದ್ದರೆ ಮುಂದಿನ ಕಂತು. ಇಲ್ಲವಾದರೆ ಯೋಜನೆಯೂ ಬಂದ್, ನೆಡುವ ನಲವತ್ತು ಹೆಂಗಸರ ಕೂಲಿಯೂ ಬಂದ್. ಆ ನಲವತ್ತು ಜನರ ಮುಂದಾಳು ಚಿಕ್ಕಮ್ಮ. ತಾಯಿಯಿಲ್ಲದ ಇವಳನ್ನು ಸಾಕಿ ಕಾಲೇಜಿನವರೆಗೆ ಓದಿಸಿದವಳು. ಎಣಿಸುವವರಿಗೂ ನೆಡುವವರಿಗೂ ನಂಟಿರಕೂಡದೆಂಬ ಷರತ್ತಿಗೆ ಇವಳು ಕಣ್ಣುಮುಚ್ಚಿ ಸಹಿ ಹಾಕಿದ್ದಳು. ಹಾಗಾಗಿ, ಎಣಿಕೆಗೆಂದು ಗಂಡನ ಊರಿಂದ ಬಂದು ಇಲ್ಲಿ ತಂಗಿದಾಗ, ಮನೆಯೊಳಗೆ ಪುಟ್ಟಿ, ಹೊಸಿಲು ದಾಟಿದರೆ ಮೇಡಂ.

ಯಾವ ಚೌಕಗಳಲ್ಲಿ ಎಣಿಸಬೇಕೆಂಬುದು ಹಿಂದಿನ ಸಂಜೆಯಷ್ಟೇ ಕಚೇರಿಯಿಂದ ಬರುತ್ತಿತ್ತು, ಯಾರೂ ಮೊದಲೇ ಗೊತ್ತುಮಾಡಿಕೊಂಡು ಸಿಂಗರಿಸಿಡಬಾರದೆಂದು. ಊಟಕ್ಕೆ ಕೂತಾಗ ಇವಳೇ ದೋಣಿಯವನಿಗೆ ಫೋನ್ ಮಾಡಿದ್ದಳು. “ಏಳು, ಹತ್ತೊಂಬತ್ತು, ಮೂವತ್ತೊಂದು. ನಾಳೆ ಮಧ್ಯಾಹ್ನ ನೀರಿಳಿಯೋ ಹೊತ್ತಿಗೆ ಬಂದ್ಬಿಡು.” ಬಡಿಸುತ್ತಿದ್ದ ಚಿಕ್ಕಮ್ಮನ ಸೌಟು ಗಳಿಗೆ ಹೊತ್ತು ನಿಂತಿತ್ತು. ಪ್ರತಿ ಎಣಿಕೆಯ ಮುನ್ನಾದಿನವೂ ಹೀಗೆಯೇ ಫೋನ್ ಮಾಡಿದ್ದೆನೆಂಬುದು ಈಗ, ಕತ್ತಲಲ್ಲಿ ಮಲಗಿ, ಅವಳಿಗೆ ನೆನಪಾಯಿತು.

ಮಧ್ಯಾಹ್ನ ಹೂಡಿಕೆದಾರರ ಕಡೆಯ ಸಾಹೇಬರು ಬಂದರು. ಮೊಣಕಾಲಿನವರೆಗೆ ಹೊಸ ರಬ್ಬರ್ ಬೂಟು, ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ಕೆಸರು ಅವರನ್ನು ಹಿಡಿದುಕೊಂಡಿತು.

“ಮೇಡಂ, ಸಾಹೇಬ್ರನ್ನ ಅಲ್ಲೇ ನಿಲ್ಲಿಸ್ಬೇಡಿ, ಬೇರು ಬಿಟ್ಟಾರು!” ಎಂದಳು ನೆಡುವ ಹೆಂಗಸರಲ್ಲಿ ಒಬ್ಬಳು.

“ಬಿಟ್ರೆ ಒಳ್ಳೇದೇ ಆಯ್ತಲ್ಲ. ಒಂದು ಜಾಸ್ತಿ ಎಣಿಸ್ಕೊಳ್ಳಿ,” ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಚಿಕ್ಕಮ್ಮ ಮಾತ್ರ ನಗಲಿಲ್ಲ.

ಎಣಿಕೆಯ ನಿಯಮ ಸರಳ. ಎಲೆ ಹಸಿರಿದ್ದರೆ ಜೀವಂತ, ಕಿತ್ತು ನೋಡುವಂತಿಲ್ಲ. ಏಳನೆಯ ಚೌಕ ಮುಗಿಯಿತು. ಹತ್ತೊಂಬತ್ತರಲ್ಲಿ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಒಂದು ಸಸಿಯ ಎಲೆಗಳ ಸಂದಿಯಲ್ಲಿ ಮೊಗ್ಗು. ಒಂದೂವರೆ ವರ್ಷದ ಸಸಿ ಮೊಗ್ಗು ಬಿಡುವುದಿಲ್ಲ. ಅದು ಸಸಿಯಲ್ಲ, ಯಾವುದೋ ಹಳೆಯ ಮರದ ಕೊಂಬೆ. ಮುಚ್ಚಲು ಕೈ ಚಾಚುವಷ್ಟರಲ್ಲಿ ಸಾಹೇಬರು ಕಂಡುಬಿಟ್ಟಿದ್ದರು.

“ಅರೆ, ಮೊಗ್ಗು! ಇಷ್ಟು ಬೇಗ ಹೂ ಬಿಡುತ್ತಾ, ಮೇಡಂ?”

ಚಿಕ್ಕಮ್ಮ ತನ್ನ ಕಾಲ್ಬೆರಳುಗಳ ನಡುವಿನ ಕೆಸರನ್ನೇ ನೋಡುತ್ತಿದ್ದಳು.

“ಅಪರೂಪ,” ಎಂದಳು ಲೆಕ್ಕದಮ್ಮ. ಸುಳ್ಳಲ್ಲದ ಮಾತು ಅದೊಂದೇ ಸಿಕ್ಕಿತ್ತು.

“ವರದಿಯ ಮುಖಪುಟಕ್ಕೆ ಇದೇ ಫೋಟೋ!” ಎಂದು ಸಾಹೇಬರು ಕೆಸರಿನಲ್ಲಿ ಮಂಡಿಯೂರಿದರು.

ಅವರು ಬೂಟು ತೊಳೆಯಲು ಹೋದಾಗ ಅವಳು ಪಿಸುಗುಟ್ಟಿದಳು. “ಯಾಕೆ ಹೀಗೆ ಮಾಡ್ದೆ, ಚಿಕ್ಕಮ್ಮ?”

“ಮೇಡಂ, ನಾನು ನಿಮ್ಮ ಚಿಕ್ಕಮ್ಮ ಅಲ್ಲ.” ಆಮೇಲೆ ದನಿ ತಗ್ಗಿತು. “ಇಲ್ಲಿ ನೀರು ನಿಲ್ಲುತ್ತೆ, ಬೇರು ಕೊಳೆಯುತ್ತೆ, ಮೇಲಿನ ದಿಬ್ಬದಲ್ಲಿ ನೆಡೋಣ ಅಂತ ಮೊದಲ ದಿನಾನೇ ಹೇಳಿದ್ದೆ. ನಕ್ಷೆ ಅಚ್ಚಾಗೋಗಿದೆ ಅಂದ್ರು. ನೆಡೋ ಜಾಗ ಅವರದು, ಹೋಗೋ ಕೂಲಿ ನಮ್ಮದು. ಚೆನ್ನಾಗಿದೆ ನ್ಯಾಯ.”

“ಕೊಂಬೆ ಎಲ್ಲಿಂದ ತಂದ್ರಿ?”

“ಎಲ್ಲಿಂದಲೋ. ಎಲೆ ಹಸಿರಿತ್ತೋ ಇಲ್ವೋ? ಬರ್ಕೊಳ್ಳೇ ಪುಟ್ಟಿ.”

ಮೂರೂ ಚೌಕ ಸೇರಿ ನೂರಕ್ಕೆ ಎಂಬತ್ನಾಲ್ಕು. ಬರೆದುಕೊಂಡಳು, ಸಹಿ ಮಾಡಿದಳು. ಸಾಹೇಬರು ಎಲ್ಲರಿಗೂ ಕೈಮುಗಿದು ಕಾರು ಹತ್ತಿದರು.

ಸಂಜೆ ಬಸ್ಸಿಗೆ ಹೊರಟವಳು ದೋಣಿಯವನಿಗೆ ಹಳೆಯ ತೋಪಿನ ಹಿಂಬದಿಯಿಂದ ಸುತ್ತಿಕೊಂಡು ಹೋಗಲು ಹೇಳಿದಳು. ಕಡಲಿಗೂ ಊರಿನ ಮನೆಗಳಿಗೂ ನಡುವೆ, ಯಾರೂ ನೆಡದೆ ಬೆಳೆದ ಕಾಂಡ್ಲಾ ತೋಪು ಅದು. ತಾನಾಗಿ ಬೆಳೆದದ್ದರಿಂದ ಯಾವ ಹೂಡಿಕೆಯ ಪಟ್ಟಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ದಡದಿಂದ ನೋಡಿದರೆ ಎಂದಿನಂತೆ ದಟ್ಟ. ಹಿಂದಿನಿಂದ, ಕಡಲ ಕಡೆಯಿಂದ, ಬೋಳು. ಕಡಿದ ಗಾಯಗಳಲ್ಲಿ ಮೂರು ಬಣ್ಣ: ಕೆಲವು ಹಸಿ ಬಿಳಿ, ಕೆಲವು ಕಂದು, ಕೆಲವು ಕರಿ. ಇವತ್ತಿನದು ಮೂರನೆಯ ಎಣಿಕೆ. ಮೊದಲೆರಡು ವರದಿಗಳನ್ನು ಕಚೇರಿಯ ಸಭೆಯಲ್ಲಿ ಅವಳ ಹೆಸರು ಹಿಡಿದು ಹೊಗಳಿದ್ದರು. ಕರಿ ಗಾಯದ ಮರಗಳು ಮತ್ತೆ ಚಿಗುರದೆ, ನಿಂತಲ್ಲೇ ಒಣಗಿ, ಬಿದ್ದುಹೋಗಿದ್ದವು.

“ಯಾವ ಪಾಪಿಗಳ ಕೆಲಸವೋ,” ಎಂದ ದೋಣಿಯವನು. “ಅಲ್ಲ ಮೇಡಂ, ನೀವು ಗಿಡ ಕಾಯೋ ಜನ. ದೊಡ್ಡವರ ಕಿವಿಗೆ ಒಂದ್ಮಾತು ಹಾಕ್ಬಾರ್ದಾ?”

“ಹಾಕ್ತೀನಿ,” ಎಂದಳು.

ಆ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಒಳಗೆ ತೀರ್ಮಾನವಾಗಿಹೋಗಿತ್ತು. ಕಚೇರಿಗೆ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ. ಇಲ್ಲಿಗೆ ಬಂದು ನೋಡಿದೆನೆಂದು ಚಿಕ್ಕಮ್ಮನಿಗೂ ಹೇಳುವುದಿಲ್ಲ.

ಭರತದ ನೀರು ಏರುತ್ತಿತ್ತು. ಮರಗಳು ಬಿದ್ದ ಜಾಗದಲ್ಲಿ ನೀರು ಎಲ್ಲೂ ತಡೆಯದೆ ನೇರವಾಗಿ ಒಳನುಗ್ಗುತ್ತಿತ್ತು. ದೋಣಿಯವನು ಹುಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಹಿಂದೆಂದೂ ದೋಣಿ ತೂರದಿದ್ದ ಆ ಸಂದಿಯೊಳಗೆ ದೋಣಿ ತಾನಾಗಿ ಸಾಗಿತು, ದೀಪ ಹಚ್ಚುತ್ತಿದ್ದ ಮನೆಗಳ ಕಡೆಗೆ.