ಹಿಂದಿನ ಎರಡು ಶಾಕ್

ಗಣೇಶಪ್ರಸಾದ್ ಪಿಕಪ್ಪಿನ ಹಿಂದಿನ ಬಂಪರ್ ಮೇಲೆ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿ ಕೆಳಗಿಳಿದ. ಗಾಡಿ ತಗ್ಗಿತು, ಎದ್ದಿತು, ಮತ್ತೆ ತಗ್ಗಿತು, ಮತ್ತೆ ಎದ್ದಿತು. ಸರಿಯಿರುವ ಗಾಡಿಯಾದರೆ ಒಂದೇ ಸಲಕ್ಕೆ ನಿಲ್ಲಬೇಕು ಎಂದು ಬಿಡಿಭಾಗದ ಅಂಗಡಿಯವನು ಹೇಳಿದ್ದ. ಇದು ನಾಲ್ಕು ಸಲ ತೂಗಿ, ತನಗೇ ಬೇಜಾರು ಬಂದ ಮೇಲೆ ನಿಂತಿತು. ಬಗ್ಗಿ ನೋಡಿದರೆ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳ ಮೈಮೇಲೆ ಎಣ್ಣೆ ಒಸರಿ, ಧೂಳು ಹಿಡಿದು, ಕರಿ ಹಿಟ್ಟು ಮೆತ್ತಿದ ಹಾಗೆ ಕಾಣುತ್ತಿತ್ತು.

ಕಾಸರಗೋಡಿನವನಾದ ಅವನು ಎರ್ನಾಕುಳದ ಒಂದು ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎರಡು ವರ್ಷದ ಹಿಂದೆ ಶರ್ಮಿಳಾಳಿಂದ ಬೇರೆಯಾಗಿ, ವರ್ಗ ಮಾಡಿಸಿಕೊಂಡು ತಿರುವನಂತಪುರ ಬಿಡುವಾಗ, ತನ್ನ ಪಾಲಿಗೆ ಬಂದ ಸಾಮಾನು ಸಾಗಿಸಲೆಂದು ಈ ಹಳೆಯ ಪಿಕಪ್ಪನ್ನು ಕೊಂಡಿದ್ದ. ಸಾಮಾನು ಒಂದೇ ಓಡಾಟಕ್ಕೆ ಮುಗಿಯಿತು. ಗಾಡಿ ಉಳಿಯಿತು, ಆಲುವದ ಬಾಡಿಗೆ ಮನೆಯ ಅಂಗಳದಲ್ಲಿ.

ಶರ್ಮಿಳಾ ಮೈಸೂರಿನ ಕಡೆಯವಳು. ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ನೌಕರಿ. ಮಗಳು ಪಾವನಾ, ಹನ್ನೆರಡು ವರ್ಷ, ಅವಳ ಜೊತೆಗಿದ್ದಾಳೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ ಹತ್ತಕ್ಕೆ ಮಗಳನ್ನು ಕರೆದುಕೊಂಡು ಹೋಗುವುದು, ಭಾನುವಾರ ಸಂಜೆ ಐದಕ್ಕೆ ತಂದು ಬಿಡುವುದು: ಕೋರ್ಟಿನ ಆಜ್ಞೆ ಹಾಗಿತ್ತು. ಗಣೇಶಪ್ರಸಾದ್ ಶನಿವಾರ ಬೆಳಗಿನ ಜಾವಕ್ಕೇ ಹೊರಟು ಇನ್ನೂರ ಹತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ, ಮಗಳನ್ನು ಹತ್ತಿಸಿಕೊಂಡು, ಅದೇ ಇನ್ನೂರ ಹತ್ತನ್ನು ಉತ್ತರಕ್ಕೆ ಬರುತ್ತಿದ್ದ. ಮಾರನೆಯ ದಿನ ಮತ್ತೆ ಅದೇ. ಒಂದೂವರೆ ವರ್ಷದಲ್ಲಿ ಒಂದು ದಿನವೂ ಐದು ನಿಮಿಷ ಆಚೀಚೆ ಆಗಿರಲಿಲ್ಲ.

ಸೋಮವಾರ ಶರ್ಮಿಳಾ ಫೋನ್ ಮಾಡಿದ್ದಳು. ಜಗಳದ ದನಿಯಲ್ಲಿ ಅಲ್ಲ, ಆಫೀಸಿನ ದನಿಯಲ್ಲಿ.

"ನೋಡಿ, ಹೋದ್ಸಲಾನೂ ಎರಡು ಸಲ ವಾಂತಿ ಮಾಡ್ಕೊಂಡಿದಾಳೆ. ಮಾರನೇ ದಿನ ಸ್ಕೂಲಿಗೂ ಹೋಗಕ್ಕಾಗ್ಲಿಲ್ಲ. ಈ ಸಲಾನೂ ಹೀಗೇ ಆದ್ರೆ ನಾನು ಅರ್ಜಿ ಹಾಕ್ತೀನಿ. ಆ ಲಾರೀಲಿ ಮಗು ಕಳ್ಸಲ್ಲ. ಇಲ್ಲೇ ಬಂದು, ಇಲ್ಲೇ ಎರಡು ಗಂಟೆ ನೋಡ್ಕೊಂಡು ಹೋಗಿ."

ಅರ್ಜಿ ಹಾಕಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರಯಾಣದಿಂದ ಮಗುವಿನ ಆರೋಗ್ಯ ಕೆಡುತ್ತದೆ ಎಂಬ ಒಂದು ಸಾಲು ಸಾಕು. ಅಂಥ ಅರ್ಜಿಗಳಿಗೆ ನಂಬರು ಹಾಕಿದ ಕೈ ಅವನದು.

ರೈಲಿನಲ್ಲಿ ಹೋಗಬಹುದಿತ್ತು. ಎರಡು ಸಲ ಹೋಗಿಯೂ ನೋಡಿದ್ದ. ರೈಲಿನಲ್ಲಿ ಪಾವನಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಎದುರು ಕೂತವರ ನಡುವೆ ಇನ್ನೊಬ್ಬ ಪ್ರಯಾಣಿಕಳಾಗಿಬಿಡುತ್ತಿದ್ದಳು. ಪಿಕಪ್ಪಿನ ಮುಂದಿನ ಸೀಟಿನಲ್ಲಾದರೆ ಇಬ್ಬರೇ. ಮುಖ ನೋಡಬೇಕಾಗಿಲ್ಲ, ರಸ್ತೆ ನೋಡಿದರಾಯಿತು. ಹತ್ತು ಕಿಲೋಮೀಟರಿಗೊಂದು ಮಾತು ಬರುತ್ತಿತ್ತು. ಅವನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು. ಅಷ್ಟೂ ಹೋದರೆ ಮತ್ತೇನು ಉಳಿಯುತ್ತದೆ ಎಂದು ಅವನು ಕುಳಿತು ಯೋಚಿಸಿರಲಿಲ್ಲ. ಶಾಕ್ ಬದಲಿಸಬೇಕು ಎಂದಷ್ಟೇ ಯೋಚಿಸಿದ್ದ.

ವರ್ಕ್‌ಶಾಪಿನವರು ಮುಂದಿನ ವಾರ ತನ್ನಿ ಎಂದರು. ಗುರುವಾರ ಕೋರ್ಟಿಗೆ ರಜೆ. ಹಾಗಾಗಿ ತಾನೇ ಕೂತ.

ಜಾಕ್, ಕಬ್ಬಿಣದ ಸ್ಟ್ಯಾಂಡು, ಸ್ಪ್ಯಾನರುಗಳೆಲ್ಲ ಮನೆಯ ಒಡತಿ ಮೇರಿ ಚೇಚಿಯವು, ಅಂದರೆ ಮೇರಿ ಅಕ್ಕನವು. ಆಲುವದ ಬಸ್ ಡಿಪೋದ ಸ್ಟೋರಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹೆಂಗಸು. ಯಾವ ಬೋಲ್ಟಿಗೆ ಎಷ್ಟನೇ ನಂಬರಿನ ಸ್ಪ್ಯಾನರ್ ಎಂದು ಕಣ್ಣಲ್ಲೇ ಹೇಳಬಲ್ಲರು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಾ ಅವರು ನೋಡುತ್ತಿದ್ದರು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡು ಇಟ್ಟಾಗ ಹಿಂದಿನ ಚಕ್ರಗಳು ಗಾಳಿಯಲ್ಲಿ ನೇತಾಡಿದವು. ಅವನ್ನು ಬಿಚ್ಚಿ ಗೋಡೆಗೊರಗಿಸಿದ. ಎಡಗಡೆಯ ಕೆಳಗಿನ ನಟ್ಟು ತುಕ್ಕು ಹಿಡಿದು ಬೋಲ್ಟಿನೊಂದಿಗೆ ಒಂದಾಗಿತ್ತು. ಎಣ್ಣೆ ಸಿಂಪಡಿಸಿ ಕಾದ. ಸ್ಪ್ಯಾನರಿನ ಹಿಡಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಮೈಯ ಭಾರವನ್ನೆಲ್ಲ ಹಾಕಿದ. ನಟ್ಟು ಕಿರುಚಿ ಬಿಟ್ಟಿತು, ಅವನ ಬಲ ಭುಜದಲ್ಲೂ ಏನೋ ಬಿಟ್ಟಂತಾಯಿತು. ಬಿಚ್ಚಿದ ನಟ್ಟು, ವಾಷರುಗಳನ್ನು ಕ್ರಮವಾಗಿ ಹಳೆಯ ಲಕೋಟೆಗಳಿಗೆ ಹಾಕಿ, ಎಡ ಮೇಲೆ, ಎಡ ಕೆಳಗೆ ಎಂದು ಬರೆದಿಟ್ಟ. ಮೇರಿ ಚೇಚಿಗೆ ನಗು ಬಂತು. ಡಿಪೋದಲ್ಲಿ ಇಷ್ಟು ಲಕೋಟೆ ಇದ್ದಿದ್ದರೆ ಬಸ್ಸುಗಳೆಲ್ಲ ಅಂಚೆಯಲ್ಲೇ ಓಡುತ್ತಿದ್ದವು ಎಂದರು.

ಹಳೆಯ ಶಾಕನ್ನು ನೆಲಕ್ಕೂರಿ ಒತ್ತಿದರೆ ಬೆಣ್ಣೆಗೆ ಕೈ ಹಾಕಿದ ಹಾಗೆ ಒಳಗೆ ಹೋಗುತ್ತಿತ್ತು, ಹೋದದ್ದು ಮೇಲೆ ಬರುತ್ತಿರಲಿಲ್ಲ. ಹೊಸದು ಹಾಗಲ್ಲ. ಅದನ್ನು ಕುಗ್ಗಿಸಿ ಕಟ್ಟಿದ್ದ ಪಟ್ಟಿಯನ್ನು ಅವನು ಆತುರಕ್ಕೆ ಮೊದಲೇ ಕತ್ತರಿಸಿಬಿಟ್ಟ. ಶಾಕು ನಿಧಾನವಾಗಿ ಉದ್ದವಾಗುತ್ತಾ ಮೊಣಕಾಲಿನಿಂದ ಸೊಂಟದವರೆಗೆ ಬಂತು. ಅದನ್ನು ತಬ್ಬಿ ಹಿಡಿದು ಕುಗ್ಗಿಸಿ ಬೋಲ್ಟಿಗೆ ಕೂರಿಸುವಷ್ಟರಲ್ಲಿ ಬನಿಯನ್ ಒದ್ದೆಯಾಯಿತು. ಬಲಗಡೆಯದನ್ನು ಕಟ್ಟು ಬಿಚ್ಚದೆಯೇ ಕೂರಿಸಿದ. ಆಮೇಲೆ ಪೆಟ್ಟಿಗೆಯಲ್ಲಿ ಬಂದಿದ್ದ ಹಾಳೆಯ ಕೊನೆಯ ಸಾಲಿನಲ್ಲಿ ಹೇಳಿದ್ದಷ್ಟು ಬಲಕ್ಕೆ ನಾಲ್ಕೂ ನಟ್ಟುಗಳನ್ನು ಬಿಗಿ ಮಾಡಿ, ಚಕ್ರ ತೊಡಿಸಿ, ಗಾಡಿಯನ್ನು ಇಳಿಸಿದ.

ಗಲ್ಲಿಯ ತುದಿಯವರೆಗೆ ಹೋಗಿ ಬಂದ. ಗಾಡಿ ತೂಗುತ್ತಿರಲಿಲ್ಲ, ನಿಜ. ಆದರೆ ಪ್ರತಿ ಗುಂಡಿಗೂ ಹಿಂದಿನಿಂದ ಕಿರ್ ಎಂದು ರಬ್ಬರು ತಿರುಚುವ ಶಬ್ದ. ಹಿಂಭಾಗ ತುದಿಗಾಲಲ್ಲಿ ನಿಂತವರ ಹಾಗೆ ಬಿಗಿದುಕೊಂಡಿತ್ತು.

ಮೇರಿ ಚೇಚಿ ಬಟಾಣಿ ಪಾತ್ರೆ ಕೆಳಗಿಟ್ಟರು. "ಸಾರೇ, ನಟ್ಟು ಬಿಗಿ ಮಾಡಿದ್ದು ಎಲ್ಲಿ? ಮೇಲಿದ್ದಾಗಲೋ, ಕೆಳಗಿಳಿಸಿಯೋ?"

ಮೇಲಿದ್ದಾಗ ಎಂದ. ಅವರು ಹಾಳೆ ಕೇಳಿದರು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಮೇಲಿನಿಂದ ಓದುತ್ತಾ ಬಂದು, ನಡುವಿನ ಒಂದು ಪ್ಯಾರಾದ ಮೇಲೆ ಬಟಾಣಿಯ ಹಸಿರು ಹತ್ತಿದ ಬೆರಳಿಟ್ಟರು. ಚಕ್ರಗಳು ನೆಲ ಮುಟ್ಟಿ, ಗಾಡಿಯ ಭಾರವೆಲ್ಲ ಅವುಗಳ ಮೇಲೆ ಕೂತ ನಂತರವೇ ನಟ್ಟುಗಳನ್ನು ಪೂರ್ತಿ ಬಿಗಿ ಮಾಡಬೇಕು, ಇಲ್ಲವಾದರೆ ಶಾಕಿನ ತುದಿಗಳಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ ಎಂದಿತ್ತು.

"ಇದನ್ನು ಓದಲಿಲ್ಲವಾ?"

"ಕೊನೆಯದು ಮಾತ್ರ ಓದಿದೆ," ಎಂದ ಗಣೇಶಪ್ರಸಾದ್. ಅಭ್ಯಾಸ ಹಾಗೆ ಎಂದೂ ವಿವರಿಸಿದ. ಕೋರ್ಟಿನಲ್ಲಿ ಐವತ್ತು ಪುಟದ ತೀರ್ಪು ಬಂದರೂ ಗುಮಾಸ್ತ ನೋಡುವುದು ಕೊನೆಯ ಪ್ಯಾರಾವನ್ನು. ಏನು ಮಾಡಬೇಕೆಂದು ಇರುವುದು ಅಲ್ಲಿ. ನಡುವಿನದೆಲ್ಲ ಅವರು ಹೀಗೆಂದರು, ಇವರು ಹಾಗೆಂದರು.

"ಹಾಗಾದರೆ ನಡುವಿನದನ್ನು ಯಾರಿಗಾಗಿ ಬರೀತಾರೆ?"

"ಮೇಲಿನ ಕೋರ್ಟಿಗೆ."

ಮೇರಿ ಚೇಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಗಬೇಕೆಂದುಕೊಂಡ. ತುಟಿ ಸ್ವಲ್ಪ ಅಲುಗಿತು.

ಮತ್ತೆ ಗಾಡಿಯ ಅಡಿಗೆ ನುಸುಳಿದ. ಚಕ್ರಗಳು ಈಗ ನೆಲದ ಮೇಲಿದ್ದವು. ಮುಖಕ್ಕೂ ಚಾಸಿಗೂ ಒಂದು ಗೇಣು ಅಂತರ. ನಾಲ್ಕೂ ನಟ್ಟುಗಳನ್ನು ಸಡಿಲಿಸಿ, ಹೊರಬಂದು ಬಂಪರ್ ಮೇಲೆ ಕುಪ್ಪಳಿಸಿ ಬುಷ್‌ಗಳು ತಮ್ಮ ಜಾಗಕ್ಕೆ ಬರುವಂತೆ ಮಾಡಿ, ಮತ್ತೆ ನುಸುಳಿ ಮಲಗಿದಲ್ಲೇ ಬಿಗಿ ಮಾಡಿದ. ಕೊನೆಯ ನಟ್ಟಿನ ಹೊತ್ತಿಗೆ ಭುಜ ಎತ್ತಲಾಗುತ್ತಿರಲಿಲ್ಲ. ಅಲ್ಲೇ ಅಂಗಾತ ಮಲಗಿದ್ದಾಗ ನೆನಪಾಯಿತು. ಮಗಳ ವಿಷಯದ ಕೋರ್ಟಿನ ಆಜ್ಞೆಯೂ ಹನ್ನೊಂದು ಪುಟದ್ದು. ಅವನು ಓದಿದ್ದು ಹನ್ನೊಂದನೆಯದನ್ನು ಮಾತ್ರ.

ಕೈ ತೊಳೆದು, ಕಪಾಟಿನಿಂದ ಫೈಲು ತೆಗೆದು, ಅಡುಗೆಮನೆಯಲ್ಲಿ ನಿಂತೇ ಓದಿದ. ಮೊದಲ ಐದು ಪುಟ ಅವನಿಗೆ ಗೊತ್ತಿದ್ದ ಸಂಗತಿಗಳೇ, ಬೇರೆಯವರ ಮಾತಿನಲ್ಲಿ. ಆರನೆಯ ಪುಟದಲ್ಲಿ ಆಪ್ತ ಸಮಾಲೋಚಕಿಯ ವರದಿ ಇತ್ತು, ಆಜ್ಞೆಗೆ ಮೊದಲಿನ ತಾತ್ಕಾಲಿಕ ಭೇಟಿಗಳ ಕಾಲದ್ದು. ಮಗು ತಂದೆಯ ಮನೆಗೆ ಹೋಗಲು ಇಷ್ಟಪಡುತ್ತದೆ. ದಾರಿಯಲ್ಲಿ ವಾಂತಿಯಾಗುತ್ತದೆಯೆಂದು ಹೇಳಿತು. ಹಾಗಾದಾಗ ವಾಹನ ನಿಲ್ಲಿಸಲು ಕೇಳುವುದಿಲ್ಲವೇ ಎಂದಾಗ, ಕೇಳುವುದಿಲ್ಲವೆಂದಿತು. ಯಾಕೆಂದು ಕೇಳಿದ್ದಕ್ಕೆ, ಅಪ್ಪನಿಗೆ ಸಿಗುವುದೇ ಸ್ವಲ್ಪ ಗಂಟೆ, ನಿಲ್ಲಿಸಿದರೆ ಅದೂ ಹೋಗುತ್ತದೆ, ಅವರು ಗಡಿಯಾರ ನೋಡುತ್ತಲೇ ಓಡಿಸುತ್ತಾರೆ ಎಂದು ಹೇಳಿತು.

ಅವನು ಅದನ್ನು ಎರಡು ಸಲ ಓದಿದ. ಎದೆಗೆ ಏನಾದರೂ ಆಗುತ್ತದೋ ಎಂದು ಕಾದ. ಕುಕ್ಕರ್ ಕೂಗಿತು. ಗ್ಯಾಸ್ ಆರಿಸಿ, ಹಾಳೆಗಳನ್ನು ಫೈಲಿಗೆ ಹಾಕಿ, ದಾರ ಕಟ್ಟಿದ. ಹೊಸ ಶಾಕಿನ ಇಷ್ಟೆಲ್ಲ ಕೆಲಸ ಬೇಕಿರಲಿಲ್ಲ ಎಂದೇನೂ ಅಲ್ಲ. ಹಳೆಯವು ಕೆಟ್ಟಿದ್ದೂ ನಿಜ. ಆದರೆ ಒಂದೂವರೆ ವರ್ಷ ಆ ಮಾತು ಈ ಕಪಾಟಿನಲ್ಲೇ ಇತ್ತು, ಅವನ ಅಂಗಿಗಳ ಕೆಳಗೆ.

ಶನಿವಾರ ಪಾವನಾ ಎಂದಿನಂತೆ ಪ್ಲಾಸ್ಟಿಕ್ ಕವರೊಂದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದಳು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ದಾರಿಯುದ್ದಕ್ಕೂ ಅಗೆದಿತ್ತು. ಗಾಡಿ ಗುಂಡಿಗೆ ಇಳಿದು ಒಂದೇ ಸಲಕ್ಕೆ ನಿಂತಿತು. ಅವಳು ಹಿಂದಕ್ಕೆ ತಿರುಗಿ ನೋಡಿ, ವಂಡಿ ಸರಿಯಾಕ್ಕಿಯೋ, ಗಾಡಿ ಸರಿ ಮಾಡಿಸಿದಿರಾ, ಎಂದು ಕೇಳಿದಳು.

"ಹೌದು. ನಾನೇ ರಿಪೇರಿ ಮಾಡಿದ್ದು."

ಆಟ್ಟಿಂಙಲ್ ದಾಟಿದ ಮೇಲೆ ಅವನು ಒಂದು ಚಹಾ ಅಂಗಡಿಯ ಪಕ್ಕ ನಿಲ್ಲಿಸಿದ. ಪಾವನಾಳ ಕಣ್ಣು ತಕ್ಷಣ ಡ್ಯಾಶ್‌ಬೋರ್ಡಿನ ಗಡಿಯಾರಕ್ಕೆ ಹೋಯಿತು. ಎನಿಕ್ಕ್ ಕುಳಪ್ಪಮಿಲ್ಲ, ತನಗೇನೂ ತೊಂದರೆಯಿಲ್ಲ, ಎಂದಳು. ತನಗೆ ಚಹಾ ಬೇಕು ಎಂದ. ಕೊಲ್ಲಂನ ಹತ್ತಿರ ಮತ್ತೆ ನಿಲ್ಲಿಸಿದ. ಮತ್ತೆ ಅವಳು ಗಡಿಯಾರ ನೋಡಿದಳು, ಆಮೇಲೆ ಅವನನ್ನು. ಅಷ್ಟು ದೂರದಿಂದ ಮನಸ್ಸಿನಲ್ಲೇ ಜೋಡಿಸುತ್ತಾ ಬಂದಿದ್ದ ಮಾತನ್ನು ಅವನು ಸ್ಟೇರಿಂಗ್ ನೋಡುತ್ತಾ ಹೇಳಿದ.

"ನೀನು ಆವತ್ತು ಕೋರ್ಟಿನ ಆ ಮೇಡಮ್ಮಿನ ಹತ್ರ ಹೇಳಿದ್ದುಂಟಲ್ಲ, ಗಾಡಿ ನಿಲ್ಲಿಸೋದರ ಬಗ್ಗೆ. ಅದನ್ನು ಓದಿದೆ."

ಪಾವನಾ ಕನ್ನಡದಲ್ಲಿ ಕೇಳಿದಳು. "ಈಗಲಾ?"

"ಹೌದು. ಮೊನ್ನೆ."

"ಅದು ನಾನು ಐದನೇ ಕ್ಲಾಸಲ್ಲಿದ್ದಾಗ ಹೇಳಿದ್ದು."

ಪಕ್ಕದ ಚಹಾ ಅಂಗಡಿಯ ಬಾಣಲೆಯಲ್ಲಿ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ಬೇಯುತ್ತಿತ್ತು. ಬೇಕಾ ಎಂದು ಕೇಳಿದ. ಬೇಡ, ಅದು ತಿಂದರೆ ಬರುತ್ತದೆ ಎಂದು ಅವಳು ಹೊಟ್ಟೆ ಮುಟ್ಟಿಕೊಂಡು ಮಲಯಾಳಕ್ಕೆ ಮರಳಿದಳು. ಆಲುವ ಮುಟ್ಟಿದಾಗ ಸಂಜೆ ಐದು ದಾಟಿತ್ತು. ಆ ದಿನ ಮನೆಯಲ್ಲಿ ಅವರು ಮಾಡಿದ್ದು ಹೆಚ್ಚೇನಿಲ್ಲ. ದೋಸೆ ತಿಂದರು. ಮೇರಿ ಚೇಚಿ ಬಂದು ಲಕೋಟೆಗಳ ಕಥೆಯನ್ನು ಪಾವನಾಳಿಗೆ ಅಭಿನಯಿಸಿ ತೋರಿಸಿದರು. ಅವಳು ನಗುತ್ತಲೇ ಸೋಫಾದಲ್ಲಿ ನಿದ್ದೆ ಹೋದಳು.

ಭಾನುವಾರ ಹರಿಪ್ಪಾಡಿನ ಹತ್ತಿರ, ಹೊರಟು ಎರಡು ಗಂಟೆಯ ಮೇಲೆ, ಅವಳು ಮೊದಲ ಸಲ "ಅಪ್ಪ, ನಿಲ್ಲಿಸಿ" ಎಂದಳು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿದ್ದರೂ ಅವನು ಗಾಡಿಯನ್ನು ಮಣ್ಣಿಗಿಳಿಸಿದ. ಅವಳು ಬಾಗಿಲು ತೆರೆದು ಓಡಿ, ಚರಂಡಿಯ ಅಂಚಿನಲ್ಲಿ ಬಗ್ಗಿ ವಾಂತಿ ಮಾಡಿದಳು. ಅವನು ನೀರಿನ ಬಾಟಲಿ ಹಿಡಿದು ನಿಂತ. ಬೆನ್ನು ಸವರಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವಳು ನೆಟ್ಟಗಾಗಿ ಮುಖ ತೊಳೆದಳು. ತಕ್ಷಣ ಹತ್ತುವುದು ಬೇಡ, ಸ್ವಲ್ಪ ನಡೆಯುವ ಎಂದ. ಇಬ್ಬರೂ ರಸ್ತೆಯ ಬದಿಯಲ್ಲಿ, ಜಲ್ಲಿ ರಾಶಿಗಳ ಪಕ್ಕ, ಕಾಲು ಗಂಟೆ ಹಿಂದೆ ಮುಂದೆ ನಡೆದರು. ಅವಳು ತನ್ನ ಕ್ಲಾಸಿನ ಆಯೇಷಾ ಎಂಬ ಹುಡುಗಿಯ ಬಗ್ಗೆ ಏನೋ ಹೇಳುತ್ತಾ ಹೋದಳು. ಅವನು ಹೂಂಗುಟ್ಟಿದ. ಅರ್ಧ ಕೇಳಿಸಿತು, ಅರ್ಧ ಲಾರಿಗಳ ಸದ್ದಿಗೆ ಹೋಯಿತು.

ತುಂಬಾದ ಫ್ಲ್ಯಾಟಿನ ಗೇಟಿಗೆ ಬಂದಾಗ ಐದು ಐವತ್ತು. ಶರ್ಮಿಳಾ ಫೋನು ಕೈಯಲ್ಲಿ ಹಿಡಿದು ಹೊರಗೇ ನಿಂತಿದ್ದಳು. ಅವನು ಇಳಿದು, ತಡವಾಯಿತು ಎಂದ. ಗೊತ್ತಾಯಿತು ಎಂಬಂತೆ ಅವಳು ಫೋನಿನ ಪರದೆಯನ್ನು ತಿರುಗಿಸಿ ಸಮಯ ತೋರಿಸಿದಳು. ನಿಲ್ಲಿಸಲು ಹೇಳಿದ್ದು ತಾನೇ ಎಂದು ಪಾವನಾ ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾ ಹೇಳಿದಳು.

"ವಾಂತಿ ಆಯ್ತಾ?" ಶರ್ಮಿಳಾ ಕೇಳಿದಳು.

ಇಲ್ಲ ಎನ್ನಬಹುದಿತ್ತು ಮಗಳು. ಅವನು ಅವಳ ಮುಖ ನೋಡದೆ ನಿಂತ.

"ಒಂದ್ಸಲ. ಹೊರಗೆ. ಅಪ್ಪ ನಿಲ್ಲಿಸಿದ್ರು."

ಶರ್ಮಿಳಾ ಮಗಳ ಹಣೆ ಮುಟ್ಟಿ ನೋಡಿದಳು, ಕೆನ್ನೆಯ ಮೇಲೆ ಅಂಟಿದ್ದ ಕೂದಲನ್ನು ಸರಿಸಿದಳು. ಅವನು ತನ್ನ ಕೋರ್ಟಿನಲ್ಲಿ ಆಜ್ಞೆ ಓದುವ ಮುಂಚೆ ಕಟಕಟೆಯ ಹೊರಗೆ ನಿಲ್ಲುವವರನ್ನು ದಿನವೂ ನೋಡುತ್ತಾನೆ. ಅವರು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಲ್ಲುತ್ತಾರೆ. ಅವನ ಕೈಯಲ್ಲಿ ಗಾಡಿಯ ಕೀ ಇತ್ತು.

"ಮುಂದಿನ ಸಲ ಲೇಟಾಗೋ ಹಾಗಿದ್ರೆ ಮೊದ್ಲೇ ಒಂದು ಫೋನ್ ಮಾಡಿ," ಎಂದಳು ಶರ್ಮಿಳಾ.

ಆಯಿತು ಎಂದ.

ಅಮ್ಮ, ಮಗಳು ಒಳಗೆ ಹೋದರು. ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಪಾವನಾ ಕೈ ಎತ್ತಿದಳು, ಅವನಿಗೋ, ವಾಚ್‌ಮನ್ನಿಗೋ ತಿಳಿಯಲಿಲ್ಲ. ಖುಷಿಯಾಗಬೇಕಿತ್ತು. ಮುಂದಿನ ಸಲ ಎಂದಿದ್ದಾಳೆ ಶರ್ಮಿಳಾ ಎಂದು ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡ, ಕಿವಿಗೆ ಬೀಳಲಿ ಎಂಬಂತೆ. ಭುಜ ನೋಯುತ್ತಿತ್ತು. ಸೀಟಿನಲ್ಲಿ ಕೂತು ಎಡಗೈಯಿಂದ ಅದನ್ನು ಉಜ್ಜಿಕೊಂಡ. ಆಲುವಕ್ಕೆ ಇನ್ನೂರ ಹತ್ತು ಕಿಲೋಮೀಟರ್, ಬೆಳಗ್ಗೆ ಹತ್ತಕ್ಕೆ ಬೆಂಚಿನ ಮುಂದೆ ಇರಬೇಕು. ಗಾಡಿ ತಿರುಗಿಸಿದ.