ಇಪ್ಪತ್ತಾರು ಗಂಟಿನ ಕಾಜ

ಗುಂಡುಸೂಜಿಯ ಮೈದುನ ಅವಳನ್ನು ಕರೆದೊಯ್ಯಲು ಬಂದದ್ದು ಗುರುವಾರ ಬೆಳಿಗ್ಗೆ. ಆಫೀಸು ಕೋಣೆಯ ಗಾಜಿನಾಚೆ ಅವನು ಕಾಲ ಮೇಲೆ ಕಾಲು ಹಾಕಿ ಚಹ ಕುಡಿಯುತ್ತಿದ್ದುದು ನಮ್ಮ ಹೊಲಿಗೆ ಕೊಠಡಿಗೆ ಚೆನ್ನಾಗಿ ಕಾಣುತ್ತಿತ್ತು. ನಾವು ಹನ್ನೊಂದು ಮಂದಿ ಹೆಂಗಸರು. ಒಬ್ಬರೂ ತಲೆ ಎತ್ತಲಿಲ್ಲ. ಒಬ್ಬರ ಮಿಷನ್ನೂ ಸರಿಯಾಗಿ ಓಡಲಿಲ್ಲ.

ಅವಳಿಗೆ ಆ ಹೆಸರಿಟ್ಟವಳು ನಾನೇ. ಆಳು ಸಣ್ಣ, ತಲೆ ದುಂಡಗೆ, ಮಾತು ಚುಚ್ಚುವಂಥದು. ಅವಳ ಗಂಡ ತೀರಿಕೊಂಡು ಮೂವತ್ತೆಂಟು ದಿನವಾಗಿತ್ತು. ಹೆಂಗಸರ ಗುರುತಿನ ಚೀಟಿಗಳನ್ನು ಸರಕಾರ ಹಿಂದಕ್ಕೆ ತೆಗೆದುಕೊಂಡು ಆಗಲೇ ಒಂಬತ್ತು ವರ್ಷ. ಅಂದಿನಿಂದ ಪ್ರತಿ ಹೆಣ್ಣೂ ಯಾವನೋ ಒಬ್ಬ ಗಂಡಸಿನ ಚೀಟಿಯಲ್ಲಿ ಒಂದು ಸಾಲು. ಅವನು ಸತ್ತರೆ ನಲವತ್ತು ದಿನದೊಳಗೆ ಆ ಸಾಲು ಇನ್ನೊಬ್ಬನ ಚೀಟಿಗೆ ಹೋಗಬೇಕು. ಹಾಗೆ ಹೋದವಳು ಅವನ ಹಿಂದೆಯೇ ಹೊರಡಬೇಕು. ಅರವತ್ತು ದಾಟಿದ ನನ್ನಂಥವರನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ನಾನು ಕಾರ್ಖಾನೆಯ ಚೀಟಿಯಲ್ಲಿದ್ದೆ; ಕೊಠಡಿಯ ಮೇಲಿನ ಅಟ್ಟದಲ್ಲಿ ಮಲಗುತ್ತಿದ್ದೆ.

ನನ್ನ ಮಗಳನ್ನೂ ಇದೇ ಗಾಜಿನಾಚೆ ಕೂತು ಚಹ ಕುಡಿದವನೊಬ್ಬ ಕರೆದುಕೊಂಡು ಹೋಗಿದ್ದ. ಹನ್ನೊಂದು ತಿಂಗಳಿಗೆ ಅವಳ ಬಟ್ಟೆಗಳು ವಾಪಸು ಬಂದವು. ಅವಳು ಬರಲಿಲ್ಲ. ಆ ಬಟ್ಟೆಗಳನ್ನು ತಂದವನು ನನ್ನ ಕೈಗೆ ಕೊಟ್ಟು, ಒಗೆದಿದೆಯಮ್ಮ ಅಂದ. ನಾನು ದೇವರ ಮೇಲೆ ಮುನಿಯಲಿಲ್ಲ. ಮುನಿದರೆ ನನಗೆ ಮತ್ತಾರೂ ಉಳಿಯುತ್ತಿರಲಿಲ್ಲ.

ಗುಂಡುಸೂಜಿಯ ಮೈದುನನ ಮೊದಲ ಹೆಂಡತಿ ಮೆಟ್ಟಿಲಿಂದ ಜಾರಿ ಬಿದ್ದು ಸತ್ತಳೆಂದು ಅವರ ಮನೆಯವರು ಹೇಳುತ್ತಿದ್ದರು. ಹೆಣಕ್ಕೆ ನೀರು ಹಾಕಿದವರಲ್ಲಿ ಗುಂಡುಸೂಜಿಯೂ ಒಬ್ಬಳು. ಮೆಟ್ಟಿಲಿಗೆ ಬೆರಳಿರುವುದಿಲ್ಲ ಅಕ್ಕ ಎಂದು ಅವಳು ನನಗೆ ಒಮ್ಮೆ ಹೇಳಿದ್ದಳು, ಅಷ್ಟೇ.

ಅವಳು ಉಳಿಯಲು ದಾರಿ ಒಂದೇ ಇತ್ತು. ಬೇರೆ ಯಾರಿಗೂ ಬಾರದ ಕೆಲಸವನ್ನು ಬಲ್ಲವಳನ್ನು ಕಾರ್ಖಾನೆ ತನ್ನ ಚೀಟಿಗೇ ಸೇರಿಸಿಕೊಳ್ಳಬಹುದು, ಬಿಟ್ಟುಕೊಡಬೇಕಾಗಿಲ್ಲ. ಅಧಿಕಾರಿಗಳ ದಪ್ಪ ಉಣ್ಣೆಯ ಕೋಟುಗಳಿಗೆ ಗುಂಡಿ ತೂರಿಸುವ ಕಾಜಗಳನ್ನು ಮಿಷನ್ನು ಹಾಕಲಾರದು. ಮೇಣ ಸವರಿದ ದಾರದಿಂದ, ಗಂಟಿನ ಪಕ್ಕ ಗಂಟಾಗಿ, ಕೈಯಲ್ಲೇ ಹಾಕಬೇಕು. ದಾಖಲೆಯ ಪ್ರಕಾರ ಆ ಕೆಲಸ ಬಲ್ಲವಳು ಗುಂಡುಸೂಜಿ ಒಬ್ಬಳೇ.

ಅವಳಿಗೆ ಅದನ್ನು ಕಲಿಸಿದವಳು ನಾನು. ಒಂಬತ್ತು ವರ್ಷದ ಹಿಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರಿಗೇನು ಕೆಲಸ ಬರುತ್ತದೆಂದು ಬರೆದುಕೊಂಡಾಗ, ನನಗೆ ತೋಳು ಜೋಡಿಸುವುದಷ್ಟೇ ಗೊತ್ತು ಎಂದು ಹೇಳಿ ಕಾಜವನ್ನು ಅವಳ ಹೆಸರಿಗೆ ಬಿಟ್ಟಿದ್ದೆ. ಚಿಕ್ಕವಳು, ಒಂದು ದಿನ ಬೇಕಾದೀತು ಎಂದುಕೊಂಡಿದ್ದೆ.

ಹತ್ತೂವರೆಗೆ ಮೇಲ್ವಿಚಾರಕ ಬಂದ. ಸದಾ ಕೊರಳಲ್ಲಿ ಟೇಪು ನೇತುಹಾಕಿಕೊಂಡಿರುತ್ತಿದ್ದುದರಿಂದ ಅವನನ್ನು ನಾವು ಅಳತೆಪಟ್ಟಿ ಎನ್ನುತ್ತಿದ್ದೆವು. ಕೋಟಿನ ಬಟ್ಟೆಯ ತುಂಡುಗಳನ್ನು ಹಂಚುತ್ತಾ ಬಂದ.

"ಎಲ್ಲರೂ ಒಂದೊಂದು ಕಾಜ ಹಾಕಿ. ಗುಂಡುಸೂಜಿ ಬಿಟ್ಟು. ಅರ್ಧ ಗಂಟೆ ಟೈಮು."

"ನಮಗೆಲ್ಲಿ ಬರುತ್ತೆ ಸಾರ್?" ಎಂದಳು ಕಾಲರು ಹೊಲಿಯುವವಳು. "ನಾನು ಹಾಕಿದ ಕಾಜದಲ್ಲಿ ಗುಂಡಿಯಲ್ಲ, ನಿಮ್ಮ ತಲೆಯೇ ತೂರುತ್ತೆ."

"ಬಾಯಿ ಮುಚ್ಚಿಕೊಂಡು ಹಾಕು."

ಗುಂಡುಸೂಜಿ ನನ್ನ ಪಕ್ಕದಲ್ಲೇ ತನ್ನ ಕೋಟು ಹಿಡಿದು ಕೂತಿದ್ದಳು. ತುಟಿ ಅಲುಗಿಸದೆ ಹೇಳಿದಳು: "ಅಕ್ಕ, ನಿನ್ನ ಅಡಿಗೆ ಥರ ಹಾಕು. ಯಾರಿಗೂ ಹಿಡಿಸಬಾರದು."

ನಗು ಬಂತು. ಬಟ್ಟೆ ಕತ್ತರಿಸಿದೆ. ಗಂಟು ತಪ್ಪಿಸಬೇಕು, ದಾರ ಸಡಿಲ ಬಿಡಬೇಕು, ಅಂಚು ಬಿಚ್ಚಿಕೊಳ್ಳುವಂತೆ ಮಾಡಬೇಕು ಎಂದುಕೊಂಡೆ. ಗಾಜಿನಾಚೆ ಅವನು ಎರಡನೆಯ ಲೋಟ ತರಿಸಿಕೊಂಡ. ಅದನ್ನು ಕಂಡ ಹೆದರಿಕೆಗೆ ನಾನು ದೇವರ ನಾಮ ಹಿಡಿದೆ. ನಲವತ್ತು ವರ್ಷದಿಂದ ನನ್ನ ಪ್ರಾರ್ಥನೆ ಅದೇ, ಒಂದು ಗಂಟಿಗೆ ಒಂದು ನಾಮ. ಅವಳನ್ನು ಉಳಿಸು ತಂದೆ ಎಂದು ಬೇಡುತ್ತಾ ಕಣ್ಣು ಅರೆ ಮುಚ್ಚಿದೆ.

ಕಣ್ಣು ಬಿಟ್ಟಾಗ ನನ್ನ ಬೆರಳುಗಳ ನಡುವೆ ಕಾಜ ಮುಗಿದಿತ್ತು. ಇಪ್ಪತ್ತಾರು ಗಂಟು. ಸಾಸಿವೆ ಕಾಳು ಜೋಡಿಸಿಟ್ಟ ಹಾಗೆ.

ಕತ್ತರಿಗೆ ಕೈ ಚಾಚುವಷ್ಟರಲ್ಲಿ ಅಳತೆಪಟ್ಟಿ ಹಿಂದಿನಿಂದ ಬಂದು ತುಂಡನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ನೋಡಿದ.

"ಓಹೋ. ಅಜ್ಜಿ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದರೋ?"

ಗುಂಡುಸೂಜಿ ಆ ಕಾಜವನ್ನು ನೋಡಿದಳು, ಆಮೇಲೆ ನನ್ನನ್ನು. ಬಯ್ಯಲಿಲ್ಲ. "ಚೆನ್ನಾಗಿ ಬಂದಿದೆ ಬಿಡಕ್ಕ" ಎಂದು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಮಡಿಲ ಮೇಲಿನ ದಾರದ ತುಣುಕುಗಳನ್ನು ಕೊಡವಿಕೊಳ್ಳತೊಡಗಿದಳು. ಹೊರಡುವವಳ ಹಾಗೆ.

ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಮೈದುನ ಎದ್ದು ನಿಂತು ನಯವಾಗಿ, "ಅತ್ತಿಗೆ, ಗಾಡಿ ಕಾಯ್ತಾ ಇದೆ. ಸಾಮಾನು ಜಾಸ್ತಿ ಬೇಡ, ಮನೇಲಿ ಎಲ್ಲ ಇದೆ" ಎಂದ.

"ಮೆಟ್ಟಿಲೂ ಇದೆ" ಎಂದಳು ಅವಳು.

ಮೇಲ್ವಿಚಾರಕ ಒಂದು ಕಾಗದ ತುಂಬಿದ. ಹೆಣ್ಣಿನ ಸಹಿಗೆ ಆ ಹೊತ್ತಿಗೆ ಬೆಲೆ ಇರಲಿಲ್ಲ, ಆಣೆಗೆ ಮಾತ್ರ ಇತ್ತು. ನಾವು ದೇವರಿಗೆ ಹೆದರುವವರೆಂದು ಅವರಿಗೆ ಗೊತ್ತಿತ್ತು. ಧರ್ಮಗ್ರಂಥವನ್ನು ಮೇಜಿನ ಮೇಲಿಟ್ಟು, "ಅಜ್ಜಿ, ಕೈ ಇಡಿ. ಈ ಕೆಲಸ ನಾನು ಬಲ್ಲೆ, ಈ ಕಾಜ ನನ್ನದೇ ಅಂತ ಹೇಳಿ. ಮುಗೀತು" ಎಂದ.

ಕೈ ಇಟ್ಟೆ. ಗ್ರಂಥದ ರಟ್ಟು ತಣ್ಣಗಿತ್ತು. ಹುಟ್ಟಿದಾಗಿನಿಂದ ನಾನು ಆ ಗ್ರಂಥವನ್ನು ಮುಟ್ಟಿ ಒಂದು ಸಣ್ಣ ಸುಳ್ಳನ್ನೂ ಹೇಳಿದವಳಲ್ಲ. ಮಗಳು ಹೋದ ದಿನ ಇದೇ ಮೇಜಿನ ಮುಂದೆ, ಇವಳು ನನ್ನ ಮಗಳು ಎಂದು ಸತ್ಯವನ್ನೇ ಹೇಳಿ ಅವಳನ್ನು ಕಳಿಸಿಕೊಟ್ಟಿದ್ದೆ.

"ಈ ಕೆಲಸ ನನಗೆ ಬರೋದಿಲ್ಲ" ಎಂದೆ. "ಕೈ ನಡುಗುತ್ತಿತ್ತು. ಅವಳ ಹತ್ತಿರ ಹಾಕಿಸಿಕೊಂಡೆ. ದೇವರಾಣೆ."

ಗುಂಡುಸೂಜಿ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಅವಳಿಗೆ ನಾನು ಏನು ಕೊಟ್ಟೆ ಎಂಬುದು ಅವಳೊಬ್ಬಳಿಗೇ ಗೊತ್ತು.

"ಸುಳ್ಳು" ಎಂದ ಮೈದುನ. "ಮುದುಕಿ ನಾಟಕ ಆಡ್ತಾ ಇದ್ದಾಳೆ. ನಮ್ಮೆದುರಿಗೇ ಇನ್ನೊಂದು ಹಾಕಿಸಿ."

ಮೇಜಿನ ಮೇಲೆ ಬಟ್ಟೆ ಬಂತು, ಸೂಜಿ ಬಂತು. ಇಬ್ಬರು ಗಂಡಸರು ನನ್ನ ಬೆರಳುಗಳ ಮೇಲೆ ಕಣ್ಣಿಟ್ಟು ನಿಂತರು. ಮೊದಲ ಗಂಟಿಗೆ ಅಭ್ಯಾಸದಂತೆ ನಾಮ ತುಟಿಯವರೆಗೆ ಬಂತು. ಅಲ್ಲೇ ನಿಂತಿತು. ಈಗಷ್ಟೇ ಸುಳ್ಳು ಹೇಳಿದ ಬಾಯಿಯಿಂದ ಅದನ್ನು ಹೇಗೆ ಕರೆಯಲಿ? ನಾಮವಿಲ್ಲದೆ ಕೈಗೆ ಲೆಕ್ಕ ಸಿಗಲಿಲ್ಲ. ಸೂಜಿ ಎಲ್ಲಿಂದ ಮೇಲೆ ಬರಬೇಕು, ದಾರ ಯಾವ ಕಡೆಯಿಂದ ಸುತ್ತಬೇಕು, ಒಂದೂ ತಿಳಿಯಲಿಲ್ಲ. ಹಾಳು ಮಾಡಬೇಕೆಂದು ನಾನು ಮಾಡಲಿಲ್ಲ. ನಿಜವಾಗಿಯೂ ಬರಲಿಲ್ಲ. ಒಂಬತ್ತು ಗಂಟು ಹಾಕುವುದರಲ್ಲಿ ದಾರ ಸಿಕ್ಕಾಯಿತು, ಬೆರಳಿಗೆ ಚುಚ್ಚಿ ಬಟ್ಟೆಗೆ ರಕ್ತವಾಯಿತು. ನಾನು ಅತ್ತೆ. ಅದೂ ನಾಟಕವಲ್ಲ.

ಅಳತೆಪಟ್ಟಿ ಆ ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬುಟ್ಟಿಗೆ ಹಾಕಿದ. "ಇದು ಕೋಟಿಗಲ್ಲ, ಗೋಣಿಚೀಲಕ್ಕೂ ಆಗೋದಿಲ್ಲ" ಎಂದ. ಮೈದುನನಿಗೆ, "ಒಂದು ವರ್ಷ ತಡೆಯಿರಿ ಸಾರ್. ಇವಳ ಕೈಲಿ ಇಬ್ಬರಿಗೆ ಕಲಿಸ್ತೀವಿ. ಆಮೇಲೆ ನಿಮ್ಮ ಮಾಲು ನಿಮಗೆ" ಎಂದ. ಮೋಸ ಮಾಡಿದ್ದಕ್ಕೆ ನನ್ನನ್ನು ಅದೇ ದಿನ ಹಿತ್ತಿಲ ಕಡೆಯ ಇಸ್ತ್ರಿ ಮನೆಗೆ ಹಾಕಿದರು. ಕಿಟಕಿಯಿಲ್ಲ. ಹಬೆಗೆ ಉಸಿರು ಕಟ್ಟುತ್ತದೆ. ಹೊಲಿಗೆ ಕೊಠಡಿಗೆ ಕಾಲಿಡುವಂತಿಲ್ಲ, ಮಲಗುವುದೂ ಅಲ್ಲಿಯೇ. ಗುಂಡುಸೂಜಿಯ ಮುಖ ನೋಡಿ ಈಗ ನಾಲ್ಕು ತಿಂಗಳಾಯಿತು.

ಪ್ರಾರ್ಥನೆಗೆ ಕೂರುತ್ತೇನೆ. ಸುಮ್ಮನೆ ಕೂತು ಎದ್ದು ಬರುತ್ತೇನೆ. ಮಾಡಿದ್ದು ತಪ್ಪೆಂದು ಅನ್ನಿಸುವುದಿಲ್ಲ, ಅದೇ ನನ್ನ ಕಷ್ಟ. ತಪ್ಪೆನ್ನಿಸಿದ್ದರೆ ಕ್ಷಮೆ ಕೇಳಿಕೊಳ್ಳಬಹುದಿತ್ತು.

ನಿನ್ನೆ ಇಸ್ತ್ರಿಗೆ ಬಂದ ಬಟ್ಟೆಗಳ ಜೊತೆ ಇಬ್ಬರು ಹೊಸ ಹುಡುಗಿಯರು ಕಲಿಯಲೆಂದು ಹಾಕಿದ ಕಾಜಗಳ ತುಂಡುಗಳೂ ಬಂದಿದ್ದವು. ತಿಂಗಳ ಕೊನೆಗೆ ಅವನ್ನು ಚಪ್ಪಟೆ ಮಾಡಿ ಅಳತೆಪಟ್ಟಿಗೆ ಒಪ್ಪಿಸಬೇಕು. ಹನ್ನೆರಡು ತುಂಡು, ಹನ್ನೆರಡೂ ಸೊಟ್ಟ. ನೋಡಿದವರು, ಈ ಹುಡುಗಿಯರಿಗೆ ಈ ಜನ್ಮದಲ್ಲಿ ಕೆಲಸ ಹತ್ತುವುದಿಲ್ಲ ಎಂದಾರು. ನಾನು ಒಂದನ್ನು ತಿರುಗಿಸಿ ಹಿಂಬದಿ ನೋಡಿದೆ. ಹಿಂಬದಿಯನ್ನು ಗಂಡಸರು ನೋಡುವುದಿಲ್ಲ. ಅಲ್ಲಿ ದಾರ ಒಂದಿಷ್ಟೂ ಸಿಕ್ಕಾಗದೆ ಸಮನಾಗಿ ಓಡಿತ್ತು. ಬೇಕೆಂದೇ ಗಂಟನ್ನು ಎಲ್ಲಿ ತಪ್ಪಿಸಬೇಕೆಂದು ಬಲ್ಲ ಕೈಗಳು ಮಾತ್ರ ಹಾಗೆ ಓಡಿಸುತ್ತವೆ.

ಎಂಟು ತಿಂಗಳು ಉಳಿದಿದೆ. ನಾನು ತುಂಡುಗಳನ್ನು ಮುಂಬದಿ ಮೇಲಾಗಿ ಹರಡಿ, ಇಸ್ತ್ರಿಯನ್ನು ಚೆನ್ನಾಗಿ ಒತ್ತಿದೆ.